ಟಾಬಿನಯ್ಯನ ಊರಿನ ಕಮ್ಮಾರ

ಮಾವಿನಕಟ್ಟೆಪಾಳ್ಯ,
ಕುಣಿಗಲ್ ತಾಲ್ಲೂಕು
೨೦–೨–೧೯೬೨

ಚಿ. ಸೌ. ಮಂಜುಳಾಗೆ ನಿನ್ನ ಸೋದರಮಾವ ರಾಮಾಂಜಿನಯ್ಯ ಮಾಡುವ ಆಶೀರ್ವಾದಗಳು. ನನ್ನ ಬಲಮೊಣಕಾಲೊಂದನ್ನು ಬಿಟ್ಟು ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀನೂ ಜಯರಾಮಯ್ಯನವರೂ ಆ ಚಳಿಯಲ್ಲಿ ಹೇಗಿದ್ದೀರಿ?

ನಿನ್ನ ನೀಲಿ ಕಾಗದ ತಲುಪಿತು. ಅಮೆರಿಕದಿಂದ ಬಂದ ಕಾಗದವನ್ನು ಪಟೇಲ ಒಳಗೆ ಕೂತು ಒಬ್ಬನೇ ಓದಿಕೊಂಡರೆ ಊರಿನವರು ಸುಮ್ಮನಿರುತ್ತಾರೆಯೇ? ಭಾನುವಾರ ಜಗಲಿಯ ಮೇಲೆ ಕೂತು, ಮನೆಯ ಮಾತುಗಳನ್ನು ನುಂಗಿಕೊಂಡು, ಉಳಿದದ್ದನ್ನು ದೊಡ್ಡ ದನಿಯಲ್ಲಿ ಓದಿದೆ. ನಿಮ್ಮ ಮನೆಯೊಡತಿಯ ಹಜಾರದಲ್ಲಿ ಟೆಲಿವಿಷನ್ ಎಂಬ ಪೆಟ್ಟಿಗೆ ಇದೆ, ಪ್ರತಿ ಶನಿವಾರ ಅದರಲ್ಲಿ ಟಾಬಿನ್ ಎಂಬ ಮಾರ್ಷಲ್‌ನ ಕಥೆ ಬರುತ್ತದೆ, ಹಳೆಯ ಕಾಲದ ಒಂದು ಗಡಿ ಊರಿನಲ್ಲಿ ಅವನು ಕುದುರೆ ಏರಿ, ಸೊಂಟಕ್ಕೆ ಪಿಸ್ತೂಲು ಕಟ್ಟಿ, ಕಳ್ಳರನ್ನು ಹಿಡಿದು ನ್ಯಾಯ ಕಾಯುತ್ತಾನೆ ಎಂದು ಬರೆದಿದ್ದೆಯಲ್ಲ, ಆ ಭಾಗ ಬಂದಾಗ ಯಾರೂ ಕೆಮ್ಮಲಿಲ್ಲ.

“ಪಟೇಲ್ರೇ, ಅಷ್ಟ್ ಸಣ್ಣ ಪೆಟ್ಗೇಲಿ ಕುದ್ರೆ ಹೆಂಗ್ ಹಿಡಿಸ್ತಾರೆ?” ಎಂದ ಕುರಿ ಕಾಯುವ ಚಿಕ್ಕಬೋರಯ್ಯ.

“ತುಮಕೂರು ಟಾಕೀಸಲ್ಲಿ ಪರದೆ ಮ್ಯಾಲೆ ರೈಲೇ ಬರಲ್ವೇನ್ಲಾ? ಅಂಗೇ ಇದೂನೂವೆ. ಸಿನಿಮಾನೇ ಮನೆಗೆ ಬತ್ತದೆ, ಅಷ್ಟೇ” ಎಂದೆ.

“ಸಿನಿಮಾ ಆದ್ರೂ ಆವಯ್ಯ ಎಲ್ಲೋ ಇದ್ದೇ ಇರ್ಬೇಕು. ಇಲ್ದೇ ಇರೋನ್ ಕತೆ ವಾರವಾರ ಯಾಕ್ ಮಾಡ್ತಾರೆ?”

ಅಲ್ಲಿಂದ ಅವನು ನಮ್ಮೂರಿಗೆ ಟಾಬಿನಯ್ಯನಾದ. ಅವನೂ ಒಬ್ಬ ಪಟೇಲನೇ ಎಂದು ಎಲ್ಲರೂ ಒಪ್ಪಿದರು. ನಾನು ಮಾತ್ರ ಒಂದು ಮಾತು ಸೇರಿಸಿದೆ: ಪಿಸ್ತೂಲು ಇಟ್ಟುಕೊಂಡು ನ್ಯಾಯ ಮಾಡುವುದು ಯಾವ ದೊಡ್ಡ ಕೆಲಸ? ಬರೀ ಕೈಯಲ್ಲಿ, ಕೆರೆ ನೀರಿನ ಜಗಳದಲ್ಲಿ, ಎರಡೂ ಕಡೆಯವರಿಂದ ಬೈಸಿಕೊಂಡು ಮಾಡಲಿ ನೋಡೋಣ. ಇನ್ನು ಕುದುರೆಯ ವಿಷಯ. ಕುಣಿಗಲ್ ಫಾರಂನಲ್ಲಿ ಯಾರಿಗೂ ಬಗ್ಗದ ಒಂದು ಕರಿ ಕುದುರೆಯನ್ನು ಹರೆಯದಲ್ಲಿ ನಾನು ಕೆರೆ ಏರಿಯ ಮೇಲೆ ಓಡಿಸಿದ್ದು ನಿನಗೆ ಗೊತ್ತೇ ಇದೆ. ನಿಮ್ಮತ್ತೆ ಭದ್ರಮ್ಮ ಒಳಗಿನಿಂದ, “ಓಡ್ಸಿದ್ದಲ್ಲ, ಅದು ಕೆಡವಿ ಓಡೋಗಿದ್ದು” ಎಂದಳು. ಅವಳಿಗೆ ಕುದುರೆಯ ವಿಷಯ ತಿಳಿಯದು.

ಇನ್ನೊಂದು ಸಂಗತಿ. ಅವತ್ತು ನಿಮ್ಮಪ್ಪ ಬಂದಿದ್ದ. ತೆಂಗಿನ ಸಸಿ ಕೇಳುವ ನೆಪದಲ್ಲಿ ಹೆಬ್ಬೂರಿನಿಂದ ನಡೆದು ಬಂದು, ಜಗಲಿಯ ಕೊನೆಯಲ್ಲಿ ನಮಗೆ ಬೆನ್ನು ಮಾಡಿ ಕೂತ. ಇದೇ ಜಗಲಿಯ ಮೇಲೆ ತಾನೆ, ಹತ್ತು ಜನರ ಮುಂದೆ, ನಿನ್ನನ್ನು ನನ್ನ ಮಗ ಶಿವರಾಮನಿಗೆ ಕೊಡುತ್ತೇನೆಂದು ವೆಂಕಟರಂಗಯ್ಯ ಭಾವ ನನ್ನ ಕೈಗೆ ವೀಳ್ಯ ಕೊಟ್ಟದ್ದು? ನೀನು ಒಲ್ಲೆ ಎಂದೆ, ತುಮಕೂರಿನಲ್ಲಿ ಜಯರಾಮಯ್ಯನವರನ್ನು ಮದುವೆಯಾದೆ. ಶಿವರಾಮ ಗುಬ್ಬಿಯ ಹುಡುಗಿಯನ್ನು ಕಟ್ಟಿಕೊಂಡು, ಅಲ್ಲೇ ಮೇಷ್ಟರಾಗಿ, ಹೊಟ್ಟೆ ಬೆಳೆಸಿಕೊಂಡು ಸುಖವಾಗಿದ್ದಾನೆ. ನಿಮ್ಮಪ್ಪನ ಸಿಟ್ಟು ಮಾತ್ರ ಇಳಿದಿಲ್ಲ. ನಿನ್ನ ಹೆಸರು ಎತ್ತುವುದಿಲ್ಲ. ನನ್ನ ಮನೆಯ ಹೊಸಿಲು ದಾಟುವುದಿಲ್ಲ, ಒಂದು ಲೋಟ ಮಜ್ಜಿಗೆ ಮುಟ್ಟುವುದಿಲ್ಲ. ಸಿಟ್ಟು ಬಂದವರು ಯಾರ ಮೇಲಾದರೂ ತೀರಿಸಿಕೊಳ್ಳುತ್ತಾರೆ, ಇರಲಿ.

ಆದರೆ ಕಾಗದ ಮುಗಿಯುವವರೆಗೂ ಎದ್ದು ಹೋಗಲಿಲ್ಲ. ಕೊನೆಗೆ ತೆಂಗಿನ ಮರವನ್ನು ನೋಡುತ್ತಾ, “ಆಮೇಲೇನಾಯ್ತಂತೆ ಆವಯ್ಯಂಗೆ?” ಎಂದು ಕೇಳಿದ.

ಆದ್ದರಿಂದ ಆಮೇಲೇನಾಯ್ತೆಂದು ಬರೆ. ಅಕ್ಷರ ದಪ್ಪವಾಗಿರಲಿ.

ಇತಿ ನಿನ್ನ ಮಾವ,
ರಾಮಾಂಜಿನಯ್ಯ, ಪಟೇಲ


ಲಿಂಕನ್, ನೆಬ್ರಾಸ್ಕ
೩೦–೩–೧೯೬೨

ಪ್ರೀತಿಯ ಮಾವನವರಿಗೆ ಮಂಜುಳಾಳ ನಮಸ್ಕಾರಗಳು.

ನಿಮ್ಮ ಕಾಗದ ಬಂದ ದಿನ ಇಲ್ಲಿ ಮತ್ತೆ ಹಿಮ ಬಿತ್ತು. ಇವರು ಬೆಳಿಗ್ಗೆ ಕಾಲೇಜಿಗೆ ಹೋದರೆ ಸಂಜೆಗೆ ಬರುತ್ತಾರೆ, ಬಂದ ಮೇಲೆ ಮೇವಿನ ಹುಲ್ಲಿನ ಪುಸ್ತಕದಲ್ಲಿ ಮುಳುಗುತ್ತಾರೆ. ನಾನು ಮನೆಯೊಡತಿಗೆ ಬಟ್ಟೆ ಇಸ್ತ್ರಿ ಮಾಡಿಕೊಡುತ್ತೇನೆ. ಸಂಜೆ ಹೊತ್ತಿಗೆ ಕನ್ನಡದಲ್ಲಿ ಒಂದು ಮಾತೂ ಆಡದೆ ದಣಿದಿರುತ್ತೇನೆ. ಮಾತಾಡದೆಯೂ ದಣಿವಾಗುತ್ತದೆ ಎಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು.

ಜಗಲಿಯವರಿಗೆ ಟಾಬಿನಯ್ಯನ ಸುದ್ದಿ. ಕಳೆದ ವಾರ ದನ ಕದ್ದವನೊಬ್ಬ ಸಿಕ್ಕಿಬಿದ್ದ. ಊರಿನವರೆಲ್ಲ ಹಗ್ಗ ಹಿಡಿದು, ನಮಗೆ ಒಪ್ಪಿಸು, ಈಗಲೇ ನೇಣು ಹಾಕುತ್ತೇವೆ ಎಂದು ಜೈಲಿನ ಬಾಗಿಲಿಗೆ ಬಂದರು. ಟಾಬಿನ್ ಒಬ್ಬನೇ ಅಡ್ಡ ನಿಂತ. “ಇವನು ಕಳ್ಳ ಹೌದು, ಆದರೆ ನನ್ನ ವಶದಲ್ಲಿರುವ ಕಳ್ಳ” ಎಂದ. ಗುಂಪಿನಿಂದ ಯಾರೋ ಹೊಡೆದ ಗುಂಡು ಅವನ ಭುಜಕ್ಕೆ ತಗುಲಿತು. ಆದರೂ ಬಾಗಿಲು ಬಿಡಲಿಲ್ಲ. ಜನ ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಹೋದರು. ಕಥೆ ಅಲ್ಲಿಗೇ ನಿಂತಿದೆ.

ಇಲ್ಲಿಂದ ಮುಂದಿನದನ್ನು ಓದಬೇಡಿ ಮಾವ. ಎಲ್ಲರೂ ಹೋದ ಮೇಲೆ ಅವನು ಟೋಪಿ ತೆಗೆದು ಮೆಟ್ಟಿಲ ಮೇಲೆ ಕೂರುತ್ತಾನೆ. ಕೂತಾಗ ಥೇಟ್ ಅಪ್ಪ. ಗದ್ದೆಯಿಂದ ಬಂದು, ಕಾಲು ತೊಳೆಯುವುದಕ್ಕೂ ಏಳಲಾರದೆ ಕೂರುತ್ತಿದ್ದನಲ್ಲ, ಹಾಗೆ. ನಾನು ಪ್ರತಿ ಶನಿವಾರ ಅದೊಂದನ್ನು ನೋಡುವುದಕ್ಕೇ ಹೋಗುತ್ತೇನೆ. ಅಪ್ಪ ಏನಾದರೂ ಕೇಳಿದನೇ?

ನಿಮ್ಮ,
ಮಂಜುಳಾ


ಮಾವಿನಕಟ್ಟೆಪಾಳ್ಯ
೬–೫–೧೯೬೨

ಚಿ. ಸೌ. ಮಂಜುಳಾಗೆ ಮಾವನ ಆಶೀರ್ವಾದಗಳು.

ನೀನು ಅವನ ಭುಜಕ್ಕೆ ಗುಂಡು ಹೊಡೆಸಿ ಕಾಗದ ಮುಗಿಸಿದ್ದು ಸರಿಯಲ್ಲ. ಇಲ್ಲಿ ನನಗೆ ಉಳಿಗಾಲವಿಲ್ಲ. ಕೆರೆಗೆ ಹೋದರೂ, ಕುಣಿಗಲ್ಲಿಗೆ ಕಂದಾಯದ ಕೆಲಸಕ್ಕೆ ಹೋಗಿ ಬಂದರೂ, ಬಸ್ಸಿಳಿಯುವ ಮೊದಲೇ “ಟಾಬಿನಯ್ಯಂಗೆ ಹೆಂಗೈತೆ?” ಎನ್ನುತ್ತಾರೆ. ಚಿಕ್ಕಬೋರಯ್ಯ ಮನೆದೇವರಿಗೆ ಹಣ್ಣುಕಾಯಿ ಹರಕೆ ಹೊತ್ತಿದ್ದಾನೆ. “ಲೇ, ಅವನು ವೇಷದೋನು ಕಣ್ಲಾ, ಅದು ಬಣ್ಣದ ರಕ್ತ” ಎಂದೆ. “ನೋವು ಬಣ್ಣದ್ದಾ ಸಾಮಿ?” ಎಂದು ನನ್ನನ್ನೇ ಕೇಳಿದ.

ಹಳ್ಳದಾಚೆಯ ಅಣ್ಣತಮ್ಮಂದಿರು ಬದುವಿನ ಜಗಳ ತಂದಿದ್ದರು. ತಮ್ಮ ದೊಣ್ಣೆ ಎತ್ತಿಕೊಂಡು ಬಂದಿದ್ದ. ನಾನು ಅಣ್ಣನ ಮುಂದೆ ಅಡ್ಡ ನಿಂತು, “ಇವನು ಕಳ್ಳನೇ ಇರ್ಬೋದು, ನನ್ನ ವಶದಾಗಿರೋ ಕಳ್ಳ” ಎಂದು ಗುಡುಗಿದೆ. ತಮ್ಮ ದೊಣ್ಣೆ ಇಳಿಸಿದ. ಆದರೆ ಅಣ್ಣ, “ನನ್ನನ್ನೇ ಕಳ್ಳ ಅಂದ್ರಾ ಪಟೇಲ್ರೇ?” ಎಂದು ನನ್ನ ಮೇಲೇ ತಿರುಗಿದ. ನಿಮ್ಮ ದೇಶದ ನ್ಯಾಯ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ.

ನಿಮ್ಮಪ್ಪ ಈಗ ಭಾನುವಾರ ತಪ್ಪಿಸುವುದಿಲ್ಲ. ಸಸಿಯ ನೆಪವೂ ಮುಗಿದಿದೆ, ಸುಮ್ಮನೆ ಬಂದು ಕೂರುತ್ತಾನೆ. ನೀನು ಓದಬೇಡ ಎಂದದ್ದನ್ನು ಓದಲಿಲ್ಲ. ನಿನ್ನ ಬಗ್ಗೆ ಏನೂ ಕೇಳಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಎದ್ದು ಹೋಗುವಾಗ ಹೀಗೆ ಕೇಳಿದ:

“ಆ ಊರಾಗೆ ಮಂಜು ಬೀಳ್ತದಂತಲ್ಲ. ಟಾಬಿನಯ್ಯಂಗೆ ಹೊದೆಯಕ್ಕೆ ಕಂಬಳಿ ಗಿಂಬಳಿ ಇದ್ದಾವಂತಾ?”

“ಇದ್ದಾವಂತೆ ಭಾವ.”

“ಊಟಕ್ಕೆ?”

“ರಾಗಿ ಸಿಗಲ್ಲ. ಮಿಕ್ಕಿದ್ದೆಲ್ಲ ಸಿಗುತ್ತಂತೆ.”

“ರಾಗಿ ಇಲ್ದೆ ಹೆಂಗಿದ್ದಾತೋ” ಎಂದ. ಇದ್ದಾನೋ ಎನ್ನಲಿಲ್ಲ, ಹೆಣ್ಣುಮಕ್ಕಳಿಗೆ ಹೇಳುವ ಹಾಗೆ ಇದ್ದಾತೋ ಎಂದ. ಚಿಕ್ಕಬೋರಯ್ಯ ನನ್ನ ಮುಖ ನೋಡಿದ. ನಾನು ಎಲೆಗೆ ಸುಣ್ಣ ಹಚ್ಚುತ್ತಾ ಕೂತೆ.

ಪಟೇಲಿಕೆಯನ್ನೇ ತೆಗೆದುಹಾಕುತ್ತಾರೆಂದು ತಾಲ್ಲೂಕು ಕಚೇರಿಯಲ್ಲಿ ಮಾತು. ನಮ್ಮ ತಾತನ ಕಾಲದಿಂದ ಬಂದದ್ದು. ಹೋದರೆ ಹೋಗಲಿ, ನನಗೂ ಸಾಕಾಗಿದೆ. ಬೆಳಗಾದರೆ ಜಗಳ, ಬೈಗಾದರೆ ಜಗಳ.

ಇತಿ,
ರಾಮಾಂಜಿನಯ್ಯ, ಇನ್ನೂ ಪಟೇಲ


ಲಿಂಕನ್
೨೮–೬–೧೯೬೨

ಮಾವನವರಿಗೆ ನಮಸ್ಕಾರಗಳು.

ಈ ಸಲ ಜಗಲಿಗೆ ಓದುವಂಥದ್ದು ಏನೂ ಇಲ್ಲ. ಇಲ್ಲಿ ಬೇಸಿಗೆ ಬಂದರೆ ಹೊಸ ಕಥೆ ನಿಲ್ಲಿಸಿ, ಹಳೆಯದನ್ನೇ ಮತ್ತೆ ಮತ್ತೆ ತೋರಿಸುತ್ತಾರಂತೆ. ಟಾಬಿನ್ ವಾಸಿಯಾದ, ಕುದುರೆ ಏರಿದ. ಅಷ್ಟು ಹೇಳಿ, ಚಿಕ್ಕಬೋರಯ್ಯ ಹರಕೆ ತೀರಿಸಲಿ.

ಇವರ ಓದು ಮುಗಿಯುತ್ತಿದೆ. ಸೆಪ್ಟೆಂಬರ್ ಕೊನೆಗೆ ಹಡಗು ಹತ್ತುತ್ತೇವೆ. ಇನ್ನೊಂದು ವಿಷಯ, ನನಗೆ ದಿನ ತುಂಬುವುದು ಜನವರಿಗೆ.

ಮೊದಲನೆಯ ಹೆರಿಗೆ ಎಲ್ಲಿ ಎಂದು ಇವರು ಕೇಳಿದರು. ನಾನು ಇಸ್ತ್ರಿ ಮಾಡುತ್ತಲೇ ಇದ್ದೆ. ಶೆಟ್ಟಿಹಳ್ಳಿಯಲ್ಲಿ ಇವರ ಅಣ್ಣನ ಮನೆ ಇದೆ, ಬೇಡ ಎನ್ನುವವರಲ್ಲ. ಆದರೆ ಎಲ್ಲರೂ, “ಯಾಕೆ, ತವರಿನೋರು ಕರೀಲಿಲ್ವಾ?” ಎಂದು ಕೇಳಿಯೇ ಕೇಳುತ್ತಾರೆ. ಕರೆಯದೆ ಹೆಬ್ಬೂರಿಗೆ ಹೋಗಿ ಇಳಿಯಲಾರೆ ಮಾವ. ಅವ್ವ ಬಾಗಿಲು ತೆಗೆಯುತ್ತಾಳೆ, ಅದು ಗೊತ್ತು. ಅಪ್ಪ ಹಿತ್ತಲ ಬಾಗಿಲಿನಿಂದ ತೋಟಕ್ಕೆ ಹೋಗಿಬಿಟ್ಟರೆ ನಾನು ಆ ಮನೆಯಲ್ಲಿ ಹೇಗೆ ಮಲಗಲಿ?

ನಾನು ಕೇಳಿದೆ ಎಂದು ಅವನಿಗೆ ಹೇಳಬೇಡಿ. ಕೇಳಿಸಿಕೊಂಡು ಕರೆದರೆ ಅದು ಕರೆದಂತಾಗುವುದಿಲ್ಲ.

ಮಂಜುಳಾ


ಮಾವಿನಕಟ್ಟೆಪಾಳ್ಯ
೫–೮–೧೯೬೨

ಚಿ. ಸೌ. ಮಂಜುಳಾಗೆ ಆಶೀರ್ವಾದಗಳು.

ನೀನು ತಾಯಿಯಾಗುವ ಸುದ್ದಿಯನ್ನು ನಿಮ್ಮವ್ವ ದೊಡ್ಡಗಂಗಕ್ಕನಿಗೆ ಮಾತ್ರ ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಆಮೇಲೆ ಊಟಕ್ಕೆ ಬಡಿಸುತ್ತಾ ನಿಮ್ಮಪ್ಪನಿಗೂ ಹೇಳಿದ್ದಾಳೆ. ಅವನು ಅರ್ಧಕ್ಕೇ ಕೈ ತೊಳೆದನಂತೆ.

ನಿನ್ನ ಟೆಲಿವಿಷನ್ನಿನವರು ಬೇಸಿಗೆಗೆ ರಜೆ ತೆಗೆದುಕೊಂಡರೆ ಜಗಲಿಯವರು ಬಿಡುತ್ತಾರೆಯೇ? ನಿಮ್ಮಪ್ಪ ಬರುವುದು ಆ ಕಥೆಗೆ. ಕಥೆ ನಿಂತರೆ ಅವನೂ ನಿಂತ. ಆದ್ದರಿಂದ ನಾನೇ ಕಥೆ ಕಟ್ಟಿದೆ. ನಿನ್ನ ಹಳೆಯ ಕಾಗದವನ್ನು ಕೈಯಲ್ಲಿ ಹಿಡಿದು, ಕನ್ನಡಕ ಏರಿಸಿ, ಓದುವವನ ಹಾಗೆ ಹೇಳುತ್ತಾ ಹೋದೆ. ಹುಲಿಯನ್ನೂ ಒಂದು ಸಲ ತಂದೆ. ಅಮೆರಿಕದವರು ಇಷ್ಟು ಚೆನ್ನಾಗಿ ಕಟ್ಟಲಾರರು, ಬೇಕಾದರೆ ಅವರಿಗೇ ಬರೆದು ಕೇಳು.

ಕಳೆದ ತಿಂಗಳು ನನ್ನ ಬುದ್ಧಿ ಸ್ವಲ್ಪ ಹೆಚ್ಚಾಗಿ ಓಡಿತು. ಟಾಬಿನಯ್ಯನ ಊರಿಗೆ ಒಬ್ಬ ಕಮ್ಮಾರನನ್ನು ತಂದೆ. ಅವನಿಗೊಬ್ಬಳು ಮಗಳು. ಅವಳನ್ನು, ಕುದುರೆಗೆ ಜೀನು ಹೊಲಿಯುವ ಒಬ್ಬ ತಮಾಷೆಯ ಮನುಷ್ಯನ ಮಗನಿಗೆ ಕೊಡುತ್ತೇನೆಂದು ಕಮ್ಮಾರ ಮಾತು ಕೊಟ್ಟಿದ್ದ. ಮಗಳು ಬೇರೆಯವನನ್ನು ಮೆಚ್ಚಿ ದೂರದ ಊರಿಗೆ ಹೋದಳು. ಕಮ್ಮಾರ ಕಲ್ಲಾದ. ಆಗ ಟಾಬಿನಯ್ಯ ಕುಲುಮೆಯ ಮುಂದೆ ಕುದುರೆ ನಿಲ್ಲಿಸಿ ಗದರುತ್ತಾನೆ: “ಕಬ್ಬಿಣಾನೇ ಕಾದ್ರೆ ಮೆತ್ತಗಾಗ್ತದೆ, ನೀನ್ಯಾಕಯ್ಯ ಆಗಲ್ಲ? ಹೆತ್ತ ಮಗಳ ಮ್ಯಾಲೆ ಇಷ್ಟು ಸಿಟ್ಟಾ?”

ಈ ಮಾತು ಹೇಳುವಾಗ ನನಗೇ ಕಣ್ಣು ತೇವವಾಯಿತು. ತಲೆ ಎತ್ತಿ ನೋಡಿದರೆ ನಿಮ್ಮಪ್ಪ ಎದ್ದು ನಿಂತಿದ್ದ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಯಾರಿಗೂ ಹೇಳದೆ ಹೊರಟುಹೋದ. ಆಮೇಲಿನ ಭಾನುವಾರಗಳಲ್ಲಿ ಬರಲಿಲ್ಲ.

“ಕತೇಲಿ ಆ ಕಮ್ಮಾರ ಬ್ಯಾಡಿತ್ತು ಪಟೇಲ್ರೇ. ಹುಲೀನೇ ಸರೋಗಿತ್ತು” ಎಂದ ಚಿಕ್ಕಬೋರಯ್ಯ.

ಊರೆಲ್ಲರ ವ್ಯಾಜ್ಯ ತೀರಿಸಿದ್ದೇನೆ ಮಂಜುಳಾ. ಮನೆಯದೊಂದಕ್ಕೆ ಕೈ ಹಾಕಿ ಕೆಡಿಸಿದೆನೋ ಏನೋ. ನಿದ್ದೆ ಸರಿಯಾಗಿ ಬರುತ್ತಿಲ್ಲ. ನೀನು ಶೆಟ್ಟಿಹಳ್ಳಿಯವರಿಗೂ ಒಂದು ಮಾತು ಬರೆದಿಡುವುದು ಒಳ್ಳೆಯದು.

ಇತಿ,
ರಾಮಾಂಜಿನಯ್ಯ


ಮಾವಿನಕಟ್ಟೆಪಾಳ್ಯ
೧೦–೯–೧೯೬೨

ಚಿ. ಸೌ. ಮಂಜುಳಾಗೆ,

ನೀವು ಹಡಗು ಹತ್ತುವ ಮೊದಲು ಈ ಕಾಗದ ಸಿಗಲಿ ಎಂದು ಹೆಬ್ಬೂರು ಅಂಚೆ ಕಚೇರಿಗೆ ನಾನೇ ಹೋಗಿ ಹಾಕುತ್ತಿದ್ದೇನೆ.

ಕಳೆದ ತಿಂಗಳ ಕೊನೆಯ ಭಾನುವಾರ ನಿಮ್ಮಪ್ಪ ಬಂದ. ನಾನು ಬಾಯಿ ತೆರೆಯುವ ಮೊದಲೇ, ಈ ಸಲ ಎಲ್ಲರಿಗೂ ಮುಖ ಮಾಡಿ ಕೂತು, “ಆ ಕಮ್ಮಾರನ ಕತೆ ನೀನು ತಪ್ಪು ಹೇಳ್ದೆ” ಎಂದ.

“ಕಾಗದದಾಗೆ ಅಂಗೇ ಐತಲ್ಲ ಭಾವ.”

“ಕಾಗ್ದ ಅಂಗಿರ್ಲಿ ಬುಡು. ಕಮ್ಮಾರಂಗೆ ಮಗಳ ಮ್ಯಾಲೆ ಸಿಟ್ಟಿಲ್ಲ. ಸಿಟ್ಟಿದ್ದಿದ್ರೆ ಎಂದೋ ಬೈದು, ಬೈದಿದ್ ತಪ್ಪಿಗೆ ಕರ್ಕೊಂಡೂ ಬತ್ತಿದ್ದ. ಅವ್ನು ಹತ್ತು ಜನದ ಮುಂದೆ ಒಬ್ಬನ ಕೈಗೆ ಮಾತು ಕೊಟ್ಟವ್ನೆ. ಆ ಮನುಸ ಈಗ್ಲೂ ಎದುರಿಗೆ ಸಿಕ್ತಾನೆ, ನಗ್ತಾನೆ, ಬಾ ಮಜ್ಜಿಗೆ ಕುಡಿ ಅಂತಾನೆ. ನಗ್ತಾನೇ ಹೊರ್ತು, ತಗಳಪ್ಪ ನಿನ್ನ ಮಾತು ಅಂತ ವಾಪಸ್ ಕೊಟ್ಟಿಲ್ಲ. ಅದು ಅವನ ತಾವ ಇರೋಗಂಟ ಕಮ್ಮಾರ ಯಾವ್ ಮಕ ಇಟ್ಕಂಡು ಮಗಳ್ನ ಬಾ ಅಂತಾನೆ? ಬಾ ಅಂದ್ರೆ ಆ ಮನುಸನ್ನ ಎಲ್ಲಾರ್ ಮುಂದೆ ಇನ್ನೊಂದ್ ಸಲ ಅವಮಾನ ಮಾಡ್ದಂಗೆ. ಅವನ ಮನೇಲಿ ಒಂದ್ ಲೋಟ ನೀರು ತಾನೇ ಹೆಂಗ್ ಇಳಿದಾತು ಗಂಟ್ಲಲ್ಲಿ?”

ಚಿಕ್ಕಬೋರಯ್ಯನೇ ಮೆಲ್ಲಗೆ ಕೇಳಿದ: “ಅಂಗಾರೆ ಟಾಬಿನಯ್ಯ ಏನ್ ಮಾಡ್ಬೇಕಿತ್ತು ಯಜಮಾನ್ರೇ?”

“ಆವಯ್ಯಂಗೇನ್ ತಿಳಿತದೆ. ಕುದ್ರೆ ಮ್ಯಾಲೆ ಕೂತ್ಕಂಡು ಕಮ್ಮಾರನ್ನೇ ಗದರ್ತಾ ಅವ್ನೆ. ಜೀನು ಹೊಲಿಯೋನ್ ಮನೆ ಕಡೀಕೆ ಕುದ್ರೆ ತಿರುಗಿಸ್ಲೇ ಇಲ್ಲ.”

ಮಂಜುಳಾ, ನನ್ನ ಬಾಯಿ ಕಟ್ಟಿದ್ದನ್ನು ನಮ್ಮೂರಿನವರು ಅವತ್ತೇ ಮೊದಲು ನೋಡಿದ್ದು. ಭಾವನಿಗೆ ಸಿಟ್ಟು ಎಂದು ನಾನು ತಿಳಿದಿದ್ದೆ. ನಾನು ನೊಂದಿದ್ದೇನೆ, ನೊಂದು ನಗುತ್ತಿದ್ದೇನೆ ಎಂದು ಅವನು ತಿಳಿದಿದ್ದ. ಒಳಗಿನಿಂದ ಭದ್ರಮ್ಮ ಹೊಸಿಲಿಗೆ ಬಂದು ನಿಂತಳು. “ಇನ್ನೂ ಕೂತೇ ಇದ್ದೀರಲ್ಲ. ಹೋಗಿ ವೀಳ್ಯದೆಲೆ ತನ್ನಿ” ಎಂದಳು.

ಮರುದಿನವೇ ಗುಬ್ಬಿಯಿಂದ ಶಿವರಾಮನನ್ನು ಕರೆಸಿದೆ. ಅಂದು ಸಾಕ್ಷಿಯಿದ್ದವರಲ್ಲಿ ಇನ್ನೂ ಬದುಕಿರುವ ಹಿರಿಯರನ್ನೆಲ್ಲ ಕೂಡಿಸಿದೆ. ನಿನ್ನೆ, ಅದೇ ಜಾಗದಲ್ಲಿ, ನಾನೂ ನನ್ನ ಮಗನೂ ನಿಂತುಕೊಂಡು ವೀಳ್ಯವನ್ನು ನಿಮ್ಮಪ್ಪನ ಕೈಗೆ ಇಟ್ಟೆವು. “ಭಾವ, ನೀನು ಕೊಟ್ಟಿದ್ ಮಾತು ನಿನ್ನ ಕೈ ಸೇರ್ತು. ನಮ್ಮ ಮನಸ್ಸಲ್ಲಿ ಏನೂ ಇಲ್ಲ. ನಿನ್ನ ಮಗಳು ನಿನ್ನ ಮಗಳು” ಎಂದೆ. ಭಾಷಣ ದೊಡ್ಡದಾಗಿಯೇ ಕಟ್ಟಿಕೊಂಡಿದ್ದೆ, ಅಷ್ಟೇ ಹೊರಗೆ ಬಂತು. ಶಿವರಾಮ ನಗುತ್ತಾ, “ಸೋದರತ್ತೆ ಮನೇಲಿ ಅಳಿಯ ಆಗಿದ್ರೆ ನಾನಿಷ್ಟು ದಪ್ಪ ಆಗ್ತಿರ್ಲಿಲ್ಲ ಮಾವ” ಎಂದ. ನಿಮ್ಮಪ್ಪ ನಗಲಿಲ್ಲ. ಎಲೆಯನ್ನು ಕಣ್ಣಿಗೊತ್ತಿಕೊಂಡು, ಬಹಳ ಹೊತ್ತು ಹಾಗೇ ಕೂತ. ಹೊರೆ ಇಳಿಸಿದವನು ಮೊದಲು ಸುಧಾರಿಸಿಕೊಳ್ಳುತ್ತಾನಲ್ಲ, ಹಾಗೆ.

ಆಮೇಲೆ ಎದ್ದು ಹೊಸಿಲು ದಾಟಿದ. “ಭದ್ರಮ್ಮ, ಮುದ್ದೆ ಐತೇನವ್ವ?” ಎಂದ.

ಊಟ ಮುಗಿಸಿ ನನಗೆ ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: “ಮೊದಲ್ನೇ ಬಾಣಂತನ ತವರಲ್ಲೇ ಆಗ್ಬೇಕು ಅಂತ ಬರಿ. ಬೆಂಗಳೂರು ಟೇಷನ್‌ಗೆ ನಾನೇ ಬತ್ತೀನಿ, ಅಳಿಯಂದಿರ ಕೂಡೇ ಬರ್ಲಿ ಅಂತ ಬರಿ. ಮಂಜುಳಾ ಅಂತ ಹೆಸರು ಹಾಕೇ ಬರಿ.”

ಹೆಸರು ಹಾಕಿಯೇ ಬರೆದಿದ್ದೇನೆ, ನೋಡಿಕೋ.

ಇತಿ ನಿನ್ನ ಮಾವ,
ರಾಮಾಂಜಿನಯ್ಯ


ಹೆಬ್ಬೂರು
೨೪–೨–೧೯೬೩

ಗುಬ್ಬಿಯಲ್ಲಿ ಶಿವರಾಮ ಭಾವನ ಮನೆಯಲ್ಲಿರುವ ಮಾವನವರಿಗೆ ಮಂಜುಳಾಳ ನಮಸ್ಕಾರಗಳು.

ಪಟೇಲಿಕೆ ಹೋದ ವಾರವೇ ನೀವೂ ಅತ್ತೆಯೂ ಗುಬ್ಬಿಗೆ ಹೊರಟುಬಿಟ್ಟಿರಿ. ಮೊಣಕಾಲಿನ ಔಷಧಿಗೆ ಎಂದು ಅತ್ತೆ ಹೇಳಿದಳು. ಖಾಲಿ ಜಗಲಿಯ ಮೇಲೆ ಕೂರಲಾರದೆ ಎಂದು ಅವ್ವ ಹೇಳಿದಳು. ಯಾವುದು ನಿಜವೋ, ಬೇಗ ಬನ್ನಿ. ಮಗು ನಿಮ್ಮ ಹಾಗೆಯೇ ಕಾರಣವಿಲ್ಲದೆ ದೊಡ್ಡ ದನಿ ಮಾಡುತ್ತಾಳೆ. ಇವರು ಶನಿವಾರ ತುಮಕೂರಿನಿಂದ ಬಂದು ಹೋಗುತ್ತಾರೆ. ನನಗೆ ಬಾಣಂತನದ ಸುಸ್ತು ಇನ್ನೂ ಇಳಿದಿಲ್ಲ, ಆದರೆ ಈ ಸುಸ್ತಿನಲ್ಲಿ ಮಲಗಿದರೆ ನಿದ್ದೆ ಬರುತ್ತದೆ.

ಇವತ್ತು ಭಾನುವಾರ. ನೀವು ಊರಿನಲ್ಲಿಲ್ಲವೆಂದು ನಿಮ್ಮ ಜಗಲಿಯವರು ಇಲ್ಲಿಗೇ ಬಂದರು, ಮುಂದೆ ಚಿಕ್ಕಬೋರಯ್ಯ. ನಡುಮನೆಯ ಬಾಗಿಲಾಚೆ ಸಾಲಾಗಿ ಕೂತು, ಟಾಬಿನಯ್ಯನನ್ನು ಕಣ್ಣಾರೆ ಕಂಡವಳು ನೀನು, ನೀನೇ ಹೇಳು ಎಂದರು. ನಾನು ಕೋಣೆಯಲ್ಲಿ ಮಲಗಿದ್ದಲ್ಲಿಂದಲೇ ಹೇಳಿದೆ. ದನಗಳ್ಳನದು, ಗುಂಡೇಟಿನದು, ಎಲ್ಲ ಕೇಳಿದರು. ಹುಲಿ ಎಲ್ಲಿ ಎಂದು ಕೇಳಿದರು. ಹುಲಿ ಇರಲಿಲ್ಲ ಎಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನೀವು ಎದುರಿಗಿದ್ದಿದ್ದರೆ ಸರಿಯಾಗಿ ಬೈಸಿಕೊಳ್ಳುತ್ತಿದ್ದಿರಿ.

“ಅದ್ ಸರಿ ತಾಯಿ, ಆ ಕಮ್ಮಾರಂಗೆ ಕಡೇಗೆ ಮಗಳು ಬಂದ್ಲಾ?” ಎಂದ ಚಿಕ್ಕಬೋರಯ್ಯ.

ಅಪ್ಪ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲ ಪಕ್ಕ ಕೂತಿದ್ದ. ನಾನು ಯೋಚಿಸದೆ ಹೇಳಿಬಿಟ್ಟೆ: “ಆ ಕತೇಲಿ ಕಮ್ಮಾರ ಅಂತ ಯಾರೂ ಇರ್ಲಿಲ್ಲ. ನಾನು ಒಂದು ವಾರಾನೂ ತಪ್ಪಿಸಿಲ್ಲ.”

ಅಪ್ಪ ಮಗುವಿನ ಕುಲಾವಿ ಸರಿಮಾಡಿದ. ನನ್ನ ಕಡೆ ನೋಡಲಿಲ್ಲ.

“ನಿಂಗೆ ಕಾಣ್ಸಿಲ್ಲ ಬುಡವ್ವ,” ಎಂದ. “ಇದ್ದ.”

ನಿಮ್ಮ,
ಮಂಜುಳಾ